ಅಮ್ಮನ ಹೊಲಿಗೆ ಮೆಷಿನ್ ರಿಪೇರಿಗೆ ಹೋಗಿದೆ, ಹಬ್ಬದ ಬ್ಲೌಸ್‌ಗಳು ಬಾಕಿ ಇವೆ. ಅಲ್ಲಿಯವರೆಗೆ ಏನು ಮಾಡಲಿ?

ಹೊಲಿಗೆಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತೇನೆ. ನನ್ನದು ಕಾಲಲ್ಲಿ ತುಳಿಯುವ ಕಪ್ಪು ಮೆಷಿನ್. ಮೊದಲು ಅಮ್ಮ ಹೊಲಿಯುತ್ತಿದ್ದರು, ಈಗ ನನ್ನ ಹತ್ತಿರ ಇದೆ. ಅದರ ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಬಟ್ಟೆ ಜಾರುವ ಜಾಗದಲ್ಲೆಲ್ಲ ಅಳಿಸಿ ಹೋಗಿದೆ. ಮೋಟಾರ್ ಹಾಕಿಸಿಕೊಳ್ಳಿ ಅಂತ ತುಂಬಾ ಜನ ಹೇಳಿದರು. ನಾನು ಹಾಕಿಸಲಿಲ್ಲ. ಕತ್ತಿನ ತಿರುವಿನಲ್ಲಿ, ತೋಳು ಕೂರಿಸುವಾಗ ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸಬೇಕಾಗುತ್ತದೆ. ಅದಕ್ಕೆ ತುಳಿಯುವ ಮೆಷಿನ್ನೇ ನನಗೆ ಸರಿ.

ಆಷಾಢ ಮುಗಿಯುವ ಹೊತ್ತಿಗೆ ಅದು ಹೊಲಿಗೆ ಬಿಡಲು ಶುರು ಮಾಡಿತು. ಮೊದಲು ರೇಷ್ಮೆಯಲ್ಲಿ ಮಾತ್ರ. ಆಮೇಲೆ ಲೈನಿಂಗ್ ಬಟ್ಟೆಯಲ್ಲೂ. ಸೂಜಿ ಬದಲಾಯಿಸಿದೆ, ಬಟ್ಟೆ ಎಳೆಯುವ ಹಲ್ಲಿನ ಸಂದಿಯ ಧೂಳು ತೆಗೆದೆ, ಬೇರೆ ದಾರ ಹಾಕಿ ನೋಡಿದೆ. ಸರಿಹೋಗಲಿಲ್ಲ. ರಿಪೇರಿಯವರು ಬಂದು ಬಿಚ್ಚಿ ನೋಡಿದರು. ಸೂಜಿಯ ಕೆಳಗೆ ದಾರ ಹಿಡಿಯುವ ಶಟಲ್‌ನ ಮೊನೆ ಸವೆದಿದೆ, ಅದು ಓಡಾಡುವ ಮನೆಯೂ ಸವೆದಿದೆ, ಮೇಲಿನ ಶಾಫ್ಟ್ ಅಲುಗಾಡುತ್ತಿದೆ ಅಂದರು. ಪಾರ್ಟ್ ತರಿಸಬೇಕಂತೆ. ಸ್ಟ್ಯಾಂಡ್ ಬಿಟ್ಟು ಮೇಲಿನ ಹೆಡ್ ಮಾತ್ರ ಬಿಚ್ಚಿಕೊಂಡು ಹೋಗಿದ್ದಾರೆ. ವರಮಹಾಲಕ್ಷ್ಮಿ ಹಬ್ಬದೊಳಗೆ ಕೊಡುವುದು ಅನುಮಾನ ಎಂದು ಮೊದಲೇ ಹೇಳಿದ್ದಾರೆ.

ಈಗ ಶ್ರಾವಣ ಬಂದೇ ಬಿಟ್ಟಿತು. ಹಬ್ಬಕ್ಕೆ ಉಡುವ ಸೀರೆಗಳ ಬ್ಲೌಸ್ ಪೀಸ್‌ಗಳು, ಅಳತೆ ಬ್ಲೌಸ್ ಜೊತೆ, ಚೀಟಿ ಅಂಟಿಸಿದ ಕವರ್‌ಗಳಲ್ಲಿ ಕಾಯುತ್ತಿವೆ. ಹಿಂದೆಯೇ ಗೌರಿ ಹಬ್ಬದವು ಬರುತ್ತವೆ. ಮಗಳು ತನ್ನ ಸಣ್ಣ ಕರೆಂಟ್ ಮೆಷಿನ್ ತಂದು ಕೊಟ್ಟಿದ್ದಾಳೆ. ಪೆಡಲ್ ಮುಟ್ಟಿದರೆ ಸಾಕು, ಓಡಿಯೇ ಬಿಡುತ್ತದೆ. ಅದರಲ್ಲಿ ಇನ್ನೊಬ್ಬರ ಮೈಸೂರು ಸಿಲ್ಕ್ ಇಡಲು ನನಗೆ ಧೈರ್ಯ ಬರುತ್ತಿಲ್ಲ. ರೇಷ್ಮೆಯಲ್ಲಿ ಸೂಜಿ ಹೋದ ತೂತು ಬಿಚ್ಚಿದ ಮೇಲೂ ಉಳಿದುಬಿಡುತ್ತದೆ, ಅಲ್ವಾ?

ನಿಮ್ಮ ಮೆಷಿನ್ ಹೀಗೆ ಹೋದಾಗ ಏನು ಮಾಡಿದಿರಿ? ಕೈಯಲ್ಲಿ ಯಾವ ಕೆಲಸ ಮುಂದುವರಿಸಬಹುದು? ಕರೆಂಟ್ ಮೆಷಿನ್‌ಗೆ ಕಾಲು ಒಗ್ಗಿಸುವುದು ಹೇಗೆ? ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ಕೆಲಸ ಮುಗಿಸಿ ಕಿಟಕಿ ಹತ್ತಿರದ ಆ ಮೆಷಿನ್ ಮುಂದೆ ಹೋಗಿ ಕೂರುವುದು ನನ್ನ ದಿನದ ಅರ್ಧ. ಈಗ ಆ ಹೊತ್ತು ಬಂದರೆ ಮನಸ್ಸು ತುಂಬಾ ಕಳವಳಗೊಳ್ಳುತ್ತದೆ.

---

ಮೆಷಿನ್ ರಿಪೇರಿ, ಹಾಸನ

ಅಕ್ಕಾ, ನಾನು ಹಾಸನದಲ್ಲಿ ಇದೇ ಕೆಲಸ ಮಾಡುವವನು. ನಿಮ್ಮ ರಿಪೇರಿಯವರು ಹೇಳಿದ್ದು ಸರಿ ಇದೆ, ಅವಸರ ಮಾಡಿಸಬೇಡಿ.

ಹೊಲಿಗೆ ಯಾಕೆ ಬಿಡುತ್ತದೆ ಅಂದರೆ, ಸೂಜಿ ಪೂರ್ತಿ ಕೆಳಗಿಳಿದು ಒಂಚೂರು ಮೇಲೆ ಏಳುವಾಗ ಅದರ ಪಕ್ಕದಲ್ಲಿ ದಾರ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಸರಿಯಾಗಿ ಆ ಹೊತ್ತಿಗೆ ಶಟಲ್ ಮೊನೆ ಬಂದು ಆ ಕುಣಿಕೆಯನ್ನು ಹಿಡಿದು, ಕೆಳಗಿನ ದಾರ ಸುತ್ತಿದ ಬಾಬಿನ್ ಸುತ್ತ ದಾಟಿಸಬೇಕು. ಆಗಲೇ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಸಿಕ್ಕಿಕೊಳ್ಳುವುದು. ಮೊನೆ ಮೊಂಡಾದರೆ ಅಥವಾ ಸವೆದು ಸೂಜಿಯಿಂದ ದೂರ ಸರಿದರೆ ಕುಣಿಕೆ ಸಿಗುವುದಿಲ್ಲ. ತೆಳು ಬಟ್ಟೆ ಸೂಜಿಯ ಜೊತೆಗೇ ಮೇಲೆ ಕೆಳಗೆ ಆಡುತ್ತದೆ, ಕುಣಿಕೆ ಇನ್ನೂ ಸಣ್ಣದಾಗುತ್ತದೆ. ನಿಮಗೆ ರೇಷ್ಮೆಯಲ್ಲಿ ಮೊದಲು ಕಾಣಿಸಿದ್ದು ಅದಕ್ಕೇ.

ಶಟಲ್ ಒಂದನ್ನೇ ಬದಲಾಯಿಸಿ ಕೊಡುವುದು ಸುಲಭ. ಆದರೆ ಮನೆ ಸವೆದಿದ್ದರೆ ಹೊಸ ಶಟಲ್ ಕೂಡ ಅದರಲ್ಲಿ ಅಲ್ಲಾಡುತ್ತದೆ. ಎರಡನ್ನೂ ಜೊತೆಗೆ ನೋಡಬೇಕು. ಈ ಕಪ್ಪು ಮೆಷಿನ್‌ಗಳ ಬಿಡಿಭಾಗ ಹೆಚ್ಚಾಗಿ ಲೂಧಿಯಾನದಿಂದ ಬರುತ್ತವೆ. ಎಲ್ಲ ಒಂದೇ ಗುಣಮಟ್ಟದವಲ್ಲ. ಒಂದು ಕೂರಿಸಿ, ಓಡಿಸಿ, ಸರಿಬರದಿದ್ದರೆ ಇನ್ನೊಂದು ತರಿಸಬೇಕಾಗುತ್ತದೆ. ಒಳಗೆ ಎಣ್ಣೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸೀಮೆಎಣ್ಣೆ ಬಿಟ್ಟು ಕರಗಿಸಿ, ಒರೆಸಿ, ಆಮೇಲೆ ಮೆಷಿನ್ ಎಣ್ಣೆ ಹಾಕಬೇಕು. ತೆಂಗಿನೆಣ್ಣೆ ಹಾಕಿದ ಮೆಷಿನ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ದಯವಿಟ್ಟು ಯಾರೂ ಹಾಕಬೇಡಿ. ಅದು ದಿನ ಕಳೆದಂತೆ ಅಂಟಾಗಿ ಶಾಫ್ಟನ್ನೇ ಹಿಡಿದುಬಿಡುತ್ತದೆ.

ಬಾಬಿನ್ ಕೇಸ್ ಹೆಡ್ ಜೊತೆ ಹೋಗಿದೆಯಾ? ಮನೆಯಲ್ಲೇ ಉಳಿದಿದ್ದರೆ ಈಗಲೇ ಕಳಿಸಿ. ಹೊಲಿಗೆ ಬಿಟ್ಟ ಬಟ್ಟೆಯ ತುಂಡು, ನೀವು ದಿನಾ ಬಳಸುವ ದಾರ, ಒಂದು ರೇಷ್ಮೆ ಚೂರು ಕೂಡ ಕೊಡಿ. ನಾವು ಅಂಗಡಿಯಲ್ಲಿ ಸಿಕ್ಕಿದ ದಪ್ಪ ಕಾಟನ್ ಮೇಲೆ ಹೊಲಿದು ನೋಡಿದರೆ ನಿಮ್ಮ ತೊಂದರೆ ನಮಗೆ ಕಾಣಿಸುವುದೇ ಇಲ್ಲ.

ಸ್ಟ್ಯಾಂಡ್ ನಿಮ್ಮ ಮನೆಯಲ್ಲೇ ಇದೆಯಲ್ಲ? ಅದನ್ನು ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆ ಸಮಯ ಸಿಗದು. ಪೆಡಲ್‌ನ ಎರಡೂ ತುದಿ, ದೊಡ್ಡ ಚಕ್ರದ ನಡು, ಪೆಡಲ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಮೇಲೆ ಕೆಳಗೆ ಸುತ್ತಿಕೊಂಡಿರುವ ದಾರ, ಕೂದಲು ಎಲ್ಲ ಬಿಡಿಸಿ. ಒಂದೊಂದು ಹನಿ ಎಣ್ಣೆ ಬಿಡಿ. ತುಳಿಯುವಾಗ ಟಕ್ ಟಕ್ ಸದ್ದು ಬರುತ್ತಿದ್ದರೆ ಆ ಕಡ್ಡಿಯ ನಟ್ ಸಡಿಲ ಇದೆ ಎಂದರ್ಥ. ಚರ್ಮದ ಬೆಲ್ಟ್ ಒಣಗಿ ಸೀಳು ಬಿಟ್ಟಿದ್ದರೆ ಹೊಸದು ತಂದಿಡಿ.

---

ಸೂಜಿದಾರ, ಧಾರವಾಡ

ಅಕ್ಕಾರ, ನಿಮ್ಮ ಕಳವಳ ನನಗೆ ಚೆನ್ನಾಗಿ ಗೊತ್ತಾಯಿತು. ನಾನು ಮೆಷಿನ್ ಕೆಲಸ, ಕಸೂತಿ ಎರಡೂ ಮಾಡುವವಳು.

ಮೊದಲು ಕೈಯಿಂದ ದುಡ್ಡು ಬರುವ ಕೆಲಸ ಹೇಳುತ್ತೇನೆ. ಹಬ್ಬದ ಸೀರೆಗೆ ಬ್ಲೌಸ್ ಒಂದೇ ಅಲ್ಲ, ಫಾಲ್ ಬೇಕು, ಕುಚ್ಚು ಬೇಕು. ಎರಡೂ ಕೈ ಕೆಲಸ. ಫಾಲ್ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹಾಗೇ ಹಚ್ಚಿದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆ ಅಂಚು ಸುಕ್ಕಾಗುತ್ತದೆ. ಮೇಲಿನ ಅಂಚಿನಲ್ಲಿ ಸೀರೆಯ ಒಂದೆರಡು ಎಳೆ ಮಾತ್ರ ಹಿಡಿಯಬೇಕು, ಹೊರಗಡೆಯಿಂದ ಹೊಲಿಗೆ ಕಾಣಬಾರದು. ರೇಷ್ಮೆ ಸೀರೆಗೆ ಕೈಯಲ್ಲಿ ಹಚ್ಚಿದ ಫಾಲ್ ಮೆಷಿನ್ ಫಾಲ್‌ಗಿಂತ ಮೆತ್ತಗೆ ಬೀಳುತ್ತದೆ. ಅದಕ್ಕೆ ಗಿರಾಕಿಗಳು ಒಂದಿಷ್ಟು ಜಾಸ್ತಿ ಕೊಡುತ್ತಾರೆ, ಕೇಳಿ ನೋಡ್ರಿ. ಕುಚ್ಚಿಗಂತೂ ಈ ತಿಂಗಳು ಕೈ ಬಿಡುವೇ ಇರೋದಿಲ್ಲ. ಮಣಿ ಹಾಕಿದ ಕುಚ್ಚು, ಕ್ರೋಶಾ ಕುಚ್ಚು ಬಂದರೆ ಇನ್ನೂ ಒಳ್ಳೆಯದು.

ಬ್ಲೌಸ್‌ನಲ್ಲೂ ಅರ್ಧ ಕೆಲಸ ಮೆಷಿನ್ ಇಲ್ಲದೆ ಆಗುತ್ತದೆ. ಎಲ್ಲಾ ಪೀಸ್‌ಗಳನ್ನೂ ಈಗಲೇ ಕತ್ತರಿಸಿ. ಲೈನಿಂಗ್ ಮಾತ್ರ ಮೊದಲು ನೆನೆಸಿ ಒಣಗಿಸಿ, ಆಮೇಲೆ ಕತ್ತರಿಸಿ ಕೂಡಿಸಿ. ಮೇಲ್ಬಟ್ಟೆಗೂ ಲೈನಿಂಗ್‌ಗೂ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಡಾಟ್ (ಆಕಾರಕ್ಕೆ ಹಾಕುವ ಮಡಿಕೆ) ಗುರುತು ಮಾಡಿ, ಕತ್ತಿನ ಪೈಪಿಂಗ್‌ಗೆ ಬಟ್ಟೆಯನ್ನು ಓರೆಯಾಗಿ ಹಿಡಿದು ಪಟ್ಟಿ ಕತ್ತರಿಸಿ ಸುತ್ತಿಡಿ. ಯಾವ ಮೆಷಿನ್ ಸಿಕ್ಕರೂ ಆಮೇಲೆ ಬರೀ ಓಡಿಸುವುದಷ್ಟೇ ಉಳಿಯುತ್ತದೆ. ಕಚ್ಚಾ ಹೊಲಿಗೆ ಹಾಕಿದ ರೇಷ್ಮೆ ಜಾರುವುದಿಲ್ಲ, ಹೊಸ ಮೆಷಿನ್‌ನಲ್ಲಿ ನಿಮ್ಮ ಅಂಜಿಕೆಯೂ ಕಮ್ಮಿ ಆಗುತ್ತದೆ.

ತೀರಾ ಅರ್ಜೆಂಟ್ ಇದ್ದರೆ ಪೂರಾ ಬ್ಲೌಸನ್ನು ಕೈಯಲ್ಲೇ ಹೊಲಿಯಬಹುದು. ನಮ್ಮ ಅಜ್ಜಿ ಗುಳೇದಗುಡ್ಡದ ಖಣದ ಕುಬಸ (ರವಿಕೆ) ಕೈಯಲ್ಲೇ ಹೊಲಿಯುತ್ತಿದ್ದಳು. ಜಗ್ಗುವ ಕಡೆ, ಅಂದರೆ ಕಂಕುಳ ಮತ್ತು ಪಕ್ಕದ ಹೊಲಿಗೆಯಲ್ಲಿ, ಪ್ರತಿ ಹೊಲಿಗೆಯೂ ಅರ್ಧ ಹಿಂದೆ ಬಂದು ಮುಂದೆ ಹೋಗಬೇಕು. ಬರೀ ನೇರ ಹೊಲಿಗೆ ಹಾಕಿದರೆ ಕೈ ಎತ್ತಿದಾಗ ಪಟಪಟ ಬಿಡುತ್ತದೆ.

ಇನ್ನು ಆ ಕಿಟಕಿಯ ಹೊತ್ತು. ಅಲ್ಲೇ ಕೂತು ಕಸೂತಿ ಶುರು ಮಾಡ್ರಿ. ಗವಂತಿ ಹೊಲಿಗೆಯಿಂದ ಶುರು ಮಾಡಿದರೆ ಸುಲಭ. ಬಟ್ಟೆಯ ಎಳೆ ಎಣಿಸುತ್ತ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುವುದು, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವುದು. ಎರಡೂ ಬದಿ ಒಂದೇ ಥರ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಆಮೇಲೆ ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳು. ಎಣಿಸುವಾಗ ಬೇರೆ ಚಿಂತೆಗೆ ಜಾಗವೇ ಇರುವುದಿಲ್ಲ. ನಾನು ಮೊದಲು ಕಲಿತ ಚಿತ್ತಾರ ತುಳಸಿಕಟ್ಟೆ. ಒಂದು ಬ್ಲೌಸ್ ತೋಳಿನ ಮೇಲೆ ಸಾಲಾಗಿ ಹಾಕಿದರೆ ಎಷ್ಟು ಚಂದ ಅಂತೀರಿ!

---

ಪೀಣ್ಯ ಟೈಲರ್, ಬೆಂಗಳೂರು

ಅಕ್ಕ, ಕರೆಂಟ್ ಮೆಷಿನ್ ವಿಷಯ ನಾನು ಹೇಳ್ತೀನಿ. ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿ ಹೊಲಿಯುತ್ತಿದ್ದೇನೆ. ಊರಲ್ಲಿ ತುಳಿಯುವ ಮೆಷಿನ್‌ನಲ್ಲೇ ಕಲಿತಿದ್ದೆ. ಫ್ಯಾಕ್ಟರಿಯಲ್ಲಿ ಕೂರಿಸಿದ ಮೆಷಿನ್ ನಿಮಿಷಕ್ಕೆ 4,000ದಿಂದ 5,000 ಹೊಲಿಗೆ ಓಡುವಂಥದ್ದು. ಮೊದಲ ಸಲ ಕಾಲಿಟ್ಟಾಗ ಬಟ್ಟೆ ಕೈಯಿಂದ ಕಿತ್ತುಕೊಂಡು ಹೋಯಿತು. ನಿಮ್ಮ ಮಗಳ ಮೆಷಿನ್ ಅದರ ಹತ್ತಿರಕ್ಕೂ ಬರೋದಿಲ್ಲ, ಹೆದರಬೇಡಿ.

ತುಳಿಯುವ ಮೆಷಿನ್‌ನಲ್ಲಿ ವೇಗ ಬರುವುದು ಕಾಲಿನ ಲಯದಿಂದ. ಹಿಮ್ಮಡಿ, ಬೆರಳು ಎರಡೂ ಕೆಲಸ ಮಾಡುತ್ತವೆ. ಕರೆಂಟ್ ಪೆಡಲ್‌ನಲ್ಲಿ ಎಷ್ಟು ಒತ್ತುತ್ತೀರೋ ಅಷ್ಟು ವೇಗ. ಅದಕ್ಕೇ ಹಿಮ್ಮಡಿಯನ್ನು ನೆಲದ ಮೇಲೆ ಗಟ್ಟಿಯಾಗಿ ಊರಿ, ಬರೀ ಹೆಬ್ಬೆರಳ ಕಡೆಯಿಂದ ಒತ್ತಿ. ಚಪ್ಪಲಿ ಬೇಡ, ಬರಿಗಾಲೇ ಒಳ್ಳೆಯದು. ಪೆಡಲ್ ಜಾರುತ್ತಿದ್ದರೆ ಕೆಳಗೆ ಹಳೆ ಮ್ಯಾಟ್ ಹಾಕಿ. ಮೆಷಿನ್ ಮೇಲೆ ವೇಗ ಕಮ್ಮಿ ಮಾಡುವ ಗುಂಡಿ ಇದ್ದರೆ ಪೂರ್ತಿ ಕಮ್ಮಿ ಇಟ್ಟುಕೊಳ್ಳಿ.

ದಾರ ಹಾಕದೆ, ಹಳೆ ಸೂಜಿಯಲ್ಲಿ, ಗೆರೆ ಇರುವ ನೋಟ್‌ಬುಕ್ ಹಾಳೆ ಮೇಲೆ ಓಡಿಸಿ. ನೇರ ಗೆರೆ ಬಂದ ಮೇಲೆ ಪೆನ್ಸಿಲ್‌ನಲ್ಲಿ ಕತ್ತಿನ ತಿರುವು ಬರೆದುಕೊಂಡು ಅದರ ಮೇಲೆ. ತಿರುವಿನಲ್ಲಿ ಪೆಡಲ್ ಬಿಟ್ಟುಬಿಡಿ, ಬಲಗಡೆ ಚಕ್ರವನ್ನು ಕೈಯಲ್ಲೇ ನಿಮ್ಮ ಕಡೆಗೆ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಿ. ನೀವು ಕೇಳಿದ ಆ ಒಂದೊಂದೇ ಹೊಲಿಗೆ ಯಾವ ಮೆಷಿನ್‌ನಲ್ಲಾದರೂ ಹೀಗೆ ಸಿಗುತ್ತದೆ.

ಮೊದಲು ಪೆಟ್ಟಿಕೋಟ್, ದಿಂಬಿನ ಕವರ್. ಆಮೇಲೆ ಕಾಟನ್ ಬ್ಲೌಸ್. ರೇಷ್ಮೆ ಕೊನೆಗೆ. ರೇಷ್ಮೆಗೆ ಹೊಸ ಸೂಜಿ ಹಾಕಿ, 11ನೇ ನಂಬರ್ ಸಾಕು. 16, 18 ಹಾಕಿದರೆ ನೀವು ಹೇಳಿದ ತೂತು ಗ್ಯಾರಂಟಿ.

ಪಕ್ಕದ ಟೈಲರ್ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಮೆಷಿನ್ ಕೇಳಿ ಹೊಲಿಯುವುದಾದರೆ ಒಂದು ವಿಷಯ. ಫ್ಯಾಕ್ಟರಿಯಲ್ಲಿ ಇರುವಂಥ ದೊಡ್ಡ ಜುಕಿ ಮೆಷಿನ್‌ನ ಸೂಜಿ ಬೇರೆ, ಮನೆ ಮೆಷಿನ್‌ನ ಸೂಜಿ ಬೇರೆ. ಮನೆಯದಕ್ಕೆ ಮೇಲ್ಭಾಗದಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ, ಜುಕಿಯದ್ದು ಪೂರ್ತಿ ಗುಂಡಗೆ. ಒಂದರದ್ದು ಇನ್ನೊಂದಕ್ಕೆ ಹಾಕಲು ಹೋಗಬೇಡಿ. ದಾರದ ಬಿಗಿ ಹೊಂದಿಸುವ ಅವರ ಟೆನ್ಷನ್ ಸ್ಕ್ರೂ ತಿರುಗಿಸಲೇಬೇಕಾದರೆ ಮೊದಲು ಎಲ್ಲಿತ್ತು ಅಂತ ಗುರುತು ಮಾಡಿಕೊಂಡು, ಎದ್ದು ಬರುವಾಗ ಅಲ್ಲಿಗೇ ತಂದು ಬಿಡಿ. ಬೇರೆಯವರ ಮೆಷಿನ್‌ನಲ್ಲಿ ಕೂರುವುದು ಬೇರೆಯವರ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ, ಎಲ್ಲ ಇದ್ದಲ್ಲೇ ಇಡಬೇಕು.

---

ಅಂಗಡಿಬೀದಿ, ತುಮಕೂರು

ಇಷ್ಟೆಲ್ಲ ಯಾಕೆ? ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ. ಕರೆಂಟ್ ಮೆಷಿನ್‌ನಲ್ಲಿ ಝಿಗ್‌ಝಾಗ್, ಕಾಜಾ ಎಲ್ಲ ಬರುತ್ತದೆ. ಹಬ್ಬದ ಆರ್ಡರ್ ಬಿಟ್ಟರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಪ್ರೀತಿ ಸರಿ, ಆದರೆ ದುಡಿಮೆ ಮುಖ್ಯ.

---

ಹೊಲಿಗೆಮನೆ, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ತುಮಕೂರಿನವರಿಗೆ ಮೊದಲು ಹೇಳುತ್ತೇನೆ. ದುಡಿಮೆ ಮುಖ್ಯ ಅನ್ನುವುದು ನಿಜ. ನಾನು ಅದನ್ನು ಮಾರದೆ ಇರುವುದೂ ದುಡಿಮೆಯ ಲೆಕ್ಕದಿಂದಲೇ. ಅದರ ಮೈ ಬೀಡು ಕಬ್ಬಿಣ, ಒಳಗಿನ ಪಾರ್ಟ್ ಒಂದೊಂದನ್ನೂ ಬಿಚ್ಚಿ ಬದಲಾಯಿಸಬಹುದು. ಕರೆಂಟ್ ಹೋದರೂ ನನ್ನ ಕೆಲಸ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ಮಲೆನಾಡಿನವರಿಗೆ ಗೊತ್ತು. ಅಮ್ಮ ಆ ಮೆಷಿನ್‌ನಲ್ಲಿ ಹೊಲಿದು ನಮ್ಮನ್ನು ಓದಿಸಿದರು. ಆಯುಧಪೂಜೆ ದಿನ ಅದನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಚೆಂಡುಹೂ ಮುಡಿಸುವಾಗ ನಾನು ನಿಜವಾಗಿಯೂ ಕೈಮುಗಿಯುತ್ತೇನೆ. ಅದನ್ನು ಎಕ್ಸ್‌ಚೇಂಜ್ ಬೆಲೆಗೆ ಕೊಡಲಾರೆ.

ಗಾಂಧೀಜಿಯವರ ಮಾತು ಕೂಡ ನೆನಪಾಯಿತು. ಯಂತ್ರಗಳನ್ನು ಅಷ್ಟು ಪ್ರಶ್ನಿಸಿದವರು, 1924ರಲ್ಲಿ ಒಬ್ಬರು ಕೇಳಿದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ಹೆಂಡತಿ ಪಡುವ ಶ್ರಮ ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಅನ್ನುವುದು ಅವರ ಮಾತಾಗಿತ್ತು. ಮನೆಯಲ್ಲಿ ಕೂತು ಹೊಲಿದು ಸಂಸಾರ ನಡೆಸುವ ಹೆಂಗಸರನ್ನು ನೋಡಿದಾಗಲೆಲ್ಲ ನನಗೆ ಆ ಮಾತು ಸರಿ ಅನ್ನಿಸುತ್ತದೆ.

ಈಗ ಕೆಲಸದ ವಿಷಯ. ಗಿರಾಕಿಗಳಿಗೆಲ್ಲ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಹೆಚ್ಚಿನವರು ಗೌರಿ ಹಬ್ಬಕ್ಕೆ ಕೊಡಿ ಸಾಕು ಅಂದರು. ವರಮಹಾಲಕ್ಷ್ಮಿಗೇ ಬೇಕು ಅಂದವರ ಬ್ಲೌಸ್ ಮಾತ್ರ ಬೇರೆ ತೆಗೆದಿಟ್ಟೆ. ಎಲ್ಲ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಜೋಡಿಸಿದ್ದೇನೆ. ಧಾರವಾಡದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಕಚ್ಚಾ ಹೊಲಿಗೆ ಹಾಕಿದ ಮೇಲೆ ರೇಷ್ಮೆ ಹೇಳಿದ ಮಾತು ಕೇಳುತ್ತದೆ.

ಮಗಳ ಮೆಷಿನ್‌ನಲ್ಲಿ ನೋಟ್‌ಬುಕ್ ಹಾಳೆ ತುಂಬಾ ಓಡಿಸಿದೆ. ಹಿಮ್ಮಡಿ ಊರಿ ಒತ್ತುವ ಉಪಾಯ ಕೆಲಸ ಮಾಡಿತು. ತಿರುವಿನಲ್ಲಿ ಚಕ್ರ ಕೈಯಲ್ಲೇ ತಿರುಗಿಸುತ್ತೇನೆ. ನಿಧಾನ ಆಗುತ್ತದೆ, ಆದರೆ ಕತ್ತು ಚೆನ್ನಾಗಿ ಕೂರುತ್ತಿದೆ. ಒಂದು ಮೈಸೂರು ಸಿಲ್ಕ್ ಬ್ಲೌಸ್ ಮುಗಿಸಿ ಕೊಟ್ಟೆ. ಅವರು ಹಾಕಿ ನೋಡಿ ಏನೂ ವ್ಯತ್ಯಾಸ ಕಾಣಲಿಲ್ಲ ಅಂದರು. ಕುಚ್ಚಿನ ಸೀರೆಗಳು ಬೇರೆ ಬರುತ್ತಿವೆ.

ಬಾಬಿನ್ ಕೇಸ್ ನನ್ನ ಡಬ್ಬಿಯಲ್ಲೇ ಉಳಿದಿತ್ತು! ಹಾಸನದ ಅಣ್ಣ ಹೇಳಿದ ತಕ್ಷಣ ಕಳಿಸಿದೆ, ಜೊತೆಗೆ ರೇಷ್ಮೆ ಚೂರು, ದಾರ. ರಿಪೇರಿಯವರು ಅದನ್ನೇ ಕೇಳಬೇಕು ಅಂತಿದ್ದರಂತೆ. ಶಟಲ್ ಬಂದಿದೆ, ಅದರ ಮನೆ ಇನ್ನೂ ಬರಬೇಕು. ಗೌರಿ ಹಬ್ಬಕ್ಕೆ ಮುಂಚೆ ಖಂಡಿತ ಅಂದಿದ್ದಾರೆ.

ಕಸೂತಿಗೆ ದಾರ ತಂದಿದ್ದೇನೆ. ಗವಂತಿಯಲ್ಲಿ ಹೋಗುವಾಗ ಸರಿ ಬರುತ್ತದೆ, ತಿರುಗಿ ಬರುವಾಗ ಮೂಲೆಯಲ್ಲಿ ಎಣಿಕೆ ತಪ್ಪುತ್ತದೆ. ಏನು ಮಾಡಲಿ? ಮತ್ತೆ ಹಾಸನದ ಅಣ್ಣನಿಗೆ, ಮೆಷಿನ್ ತರಲು ಹೋದಾಗ ಅಲ್ಲಿ ಏನೇನು ನೋಡಿಕೊಂಡು ತರಬೇಕು?

---

ಸೂಜಿದಾರ, ಧಾರವಾಡ

ಮೂಲೆಯಲ್ಲಿ ತಪ್ಪಿದರೆ ಬಟ್ಟೆ ತುಂಬಾ ಸಣ್ಣ ಎಳೆಯದ್ದು ಅಂತ ಕಾಣುತ್ತದೆ. ಕಲಿಯುವವರೆಗೆ ಎಳೆ ಎದ್ದು ಕಾಣುವ ದಪ್ಪ ಬಟ್ಟೆ ತಗೊಳ್ರಿ. ಕವಲು ಬಂದಾಗ ಮೊದಲು ಕವಲು ಮುಗಿಸಿ, ಅದೇ ದಾರಿಯಲ್ಲಿ ತಿರುಗಿ ಬಂದು, ಆಮೇಲೆ ಮುಖ್ಯ ಗೆರೆಯಲ್ಲಿ ಮುಂದೆ ಹೋಗಬೇಕು. ಸೂಜಿ ಹಾಕುವ ಮೊದಲು ಚೌಕಳಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಒಮ್ಮೆ ಹೋಗಿ ಬಂದು ನೋಡ್ರಿ.

---

ಮೆಷಿನ್ ರಿಪೇರಿ, ಹಾಸನ

ಅಕ್ಕಾ, ಹೋಗುವಾಗ ನಿಮ್ಮ ಬಟ್ಟೆ, ನಿಮ್ಮ ದಾರ ಮತ್ತೆ ಒಯ್ಯಿರಿ. ಅಲ್ಲೇ ಯಾವುದಾದರೂ ಸ್ಟ್ಯಾಂಡ್ ಮೇಲೆ ಕೂರಿಸಿಕೊಂಡು ನೀವೇ ತುಳಿಯಿರಿ, ಅವರು ಹೊಲಿದು ತೋರಿಸಿದರೆ ಸಾಲದು. ಎರಡು ಮಡಿಕೆ ರೇಷ್ಮೆ, ಆಮೇಲೆ ತೋಳು ಸೇರುವ ಕಡೆ ಬರುವಷ್ಟು ದಪ್ಪ ಮಡಿಕೆ. ಮೇಲೆ ಕೆಳಗೆ ಎರಡೂ ಕಡೆ ಹೊಲಿಗೆ ಒಂದೇ ಥರ ಇರಬೇಕು. ಕೆಳಗಡೆ ಮೇಲಿನ ದಾರದ ಕುಣಿಕೆ ಕಂಡರೆ ಮೇಲಿನ ಟೆನ್ಷನ್ ಸಡಿಲ ಅಂತ ಅರ್ಥ.

ಬಾಬಿನ್ ಕೇಸನ್ನು ದಾರ ಹಿಡಿದು ತೂಗಿಸಿ. ತಾನಾಗಿ ಜಾರಬಾರದು, ಸ್ವಲ್ಪ ಕುಲುಕಿದರೆ ಒಂದಿಷ್ಟು ಇಳಿದು ನಿಲ್ಲಬೇಕು. ಹ್ಯಾಂಡ್‌ವೀಲ್ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, ಶಾಫ್ಟ್ ಅಲುಗಾಟ ಹೋಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ತೆಗೆದ ಹಳೆ ಶಟಲ್, ಅದರ ಮನೆ ಎರಡನ್ನೂ ಕೇಳಿ ತಗೊಳ್ಳಿ. ಮುಂದೆ ಯಾವತ್ತಾದರೂ ಅಳತೆಗೆ ಬೇಕಾಗುತ್ತವೆ.

ಮನೆಗೆ ತಂದ ಮೇಲೆ ಎಣ್ಣೆ ಬಿಟ್ಟು, ದಾರ ಹಾಕದೆ, ಸೂಜಿ ಕೆಳಗೆ ಹಳೆ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ತುಳಿಯಿರಿ. ಹೆಚ್ಚಾದ ಎಣ್ಣೆ ಆ ಬಟ್ಟೆಗೆ ಇಳಿಯಲಿ, ಗಿರಾಕಿಯ ರೇಷ್ಮೆಗೆ ಬೇಡ. ಮುಂದಿನ ವರ್ಷದಿಂದ ಆಷಾಢ ಶುರುವಾದ ಕೂಡಲೇ ಸರ್ವಿಸ್‌ಗೆ ಕೊಡಿ. ಆಗ ಮದುವೆ ಇಲ್ಲ, ನಿಮಗೂ ಬಿಡುವು, ನಮಗೂ ಬಿಡುವು.